ದಿಬ್ಬದ ಎದುರಿನ ಬಯಲು

ಕ್ರೀಡಾಂಗಣಗಳ ಚರಿತ್ರೆಯನ್ನು ಬರೆಯಹೊರಟವರು ಒಲಿಂಪಿಯದ ಓಟದ ಕಣದಿಂದ ಆರಂಭಿಸಿ, ರೋಮಿನ ಕೊಲೊಸಿಯಮ್ಮಿನ ಮುಂದೆ ಕ್ಷಣಕಾಲ ನಿಂತು, ಅಲ್ಲಿಂದ ಒಮ್ಮೆಗೇ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿಗೆ ದಾಟಿ, ಕಟ್ಟಕಡೆಗೆ ನಮ್ಮ ಬೆಂಗಳೂರಿನ ಕ್ರಿಕೆಟ್ ಮೈದಾನಕ್ಕೆ ಬಂದಿಳಿಯುವುದು ವಾಡಿಕೆಯಾಗಿದೆ. ಈ ಹಾದಿಯಲ್ಲಿ ತುಂಗಭದ್ರೆಯ ದಡ ಸಿಕ್ಕುವುದೇ ಇಲ್ಲ. ನಮ್ಮ ಪೂರ್ವಿಕರಿಗೆ ಆಟವಿತ್ತು, ನೋಟಕರೂ ಇದ್ದರು, ಆದರೆ ನೋಟಕರನ್ನು ಕೂಡಿಸುವ ಕಟ್ಟಡದ ಕಲ್ಪನೆ ಇರಲಿಲ್ಲ ಎಂಬ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ಬೇರೂರಿರುವುದನ್ನು ಕಾಣುತ್ತೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನೆಲದ ಮೇಲೆ ನಿಂತು ವಿಚಾರಿಸಿದರೆ ಈ ಅಭಿಪ್ರಾಯ ನಿಲ್ಲಲಾರದೆಂಬುದೇ ನನ್ನ ನಂಬಿಕೆ. ಇಲ್ಲಿ ಪ್ರೇಕ್ಷಕರಿಗೆ ಮನೆಯಿತ್ತು. ಅದು ಮರದ ಕಂಬಗಳದು, ಬಣ್ಣದ ಬಟ್ಟೆಗಳದು, ಉತ್ಸವ ಸಮೀಪಿಸಿದಾಗ ಎದ್ದು ಉತ್ಸವ ಮುಗಿದೊಡನೆ ಬಿಚ್ಚಿಹೋಗುವಂಥದು. ಅರಸನು ಕುಳಿತ ಜಗಲಿಯೊಂದು ಕಲ್ಲಿನದಾಗಿದ್ದುದರಿಂದ ಉಳಿಯಿತು. ಪ್ರಜೆಗಳು ಕುಳಿತ ಮಂಚಗಳು ಮರದವಾದ್ದರಿಂದ ಅಳಿದವು.

ಹಂಪಿಯ ಅರಮನೆಯ ಆವರಣದಲ್ಲಿರುವ ಮಹಾನವಮಿ ದಿಬ್ಬವು ಇಂದಿನ ಜಿಲ್ಲಾ ವಿಂಗಡಣೆಯ ಪ್ರಕಾರ ವಿಜಯನಗರ ಜಿಲ್ಲೆಗೆ ಸೇರಿದುದಾದರೂ, ಅದರ ಚರಿತ್ರೆಯನ್ನು ಹೊಳೆಯ ಉತ್ತರ ದಡದಲ್ಲಿರುವ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಬೇರ್ಪಡಿಸಲಾಗದು. ಆ ಸಾಮ್ರಾಜ್ಯದ ಬೀಜ ಮೊಳೆತದ್ದು ಆನೆಗೊಂದಿಯಲ್ಲಿ, ಹೆಮ್ಮರವಾಗಿ ಹಬ್ಬಿದ್ದು ಆಚೆಯ ದಡದಲ್ಲಿ. ದಿಬ್ಬವು ಒಂದರ ಮೇಲೊಂದು ಕಿರಿದಾಗುತ್ತ ಏರುವ ಮೂರು ಅಂತಸ್ತುಗಳ ಶಿಲಾವೇದಿಕೆ. ಕೆಳಗಿನ ಕಣಶಿಲೆಯ ಪಟ್ಟಿಕೆಗಳಲ್ಲಿ ಆನೆಯ ಸಾಲು, ಕುದುರೆ ಹಿಡಿದ ಪರದೇಶೀಯರು, ಬೇಟೆಗಾರರು, ನರ್ತಕಿಯರು, ತೊಡೆ ತಟ್ಟಿ ಎದುರಾದ ಜಟ್ಟಿಗಳು ಕಾಣಬರುತ್ತಾರೆ. ಇಂದು ಮೇಲೇರಿದವರಿಗೆ ಸಿಕ್ಕುವುದು ಬರಿಯ ಹಾಸುಗಲ್ಲು. ಅದರ ಮೇಲೆ ಒಂದು ಕಾಲಕ್ಕೆ ಮರದ ಮಂಟಪ ಎದ್ದಿದ್ದಿತೆಂಬುದನ್ನು ಕಂಬ ನಾಟಿದ ಗುರುತುಗಳು ಸಾರುತ್ತವೆ. ಸಾಮಾನ್ಯ ಯಾತ್ರಿಕನು ದಿಬ್ಬವನ್ನು ಹತ್ತಿ ಸುತ್ತ ದೃಷ್ಟಿ ಹರಿಸಿ ಇಳಿದುಬಿಡುತ್ತಾನೆ. ಆದರೆ ಕಟ್ಟಡದ ಅರ್ಥವಿರುವುದು ಅದರ ಎದುರಿನ ಬಯಲಿನಲ್ಲಿ. ಬಯಲನ್ನು ನೋಡಲೆಂದು ದಿಬ್ಬವನ್ನು ಕಟ್ಟಿದರೇ ಹೊರತು ದಿಬ್ಬವನ್ನು ನೋಡಲೆಂದಲ್ಲ.

ಆ ಬಯಲು ಜೀವಂತವಾಗಿದ್ದಾಗ ಅದನ್ನು ಕಣ್ಣಾರೆ ಕಂಡು ಬರೆದಿಟ್ಟವರು ಹೊರಗಿನವರು. 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಪಾರಸೀಕ ದೇಶದಿಂದ ರಾಯಭಾರಿಯಾಗಿ ಬಂದಿದ್ದ ಅಬ್ದುಲ್ ರಜಾಕನು ಮಹಾನವಮಿಯ ಬಯಲಿನ ಸುತ್ತ ಎರಡರಿಂದ ಐದು ಅಂತಸ್ತಿನವರೆಗೆ ಏರಿದ ಚಿತ್ರಿತ ಮಂಟಪಗಳನ್ನು ಕಂಡನು. ಅವುಗಳಲ್ಲಿ ಕೆಲವು ಅಚ್ಚಿನ ಮೇಲೆ ತಿರುಗುತ್ತ ನೋಟಕರಿಗೆ ಕ್ಷಣಕ್ಕೊಂದು ಮುಖವನ್ನು ತೋರುತ್ತಿದ್ದುವೆಂದು ಬೆರಗಿನಿಂದ ಬರೆದನು. ಅವನಿಗಿಂತ ಸುಮಾರು ಎಂಟು ದಶಕಗಳ ಬಳಿಕ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ಕೊಟ್ಟ ವರ್ಣನೆಯು ಇನ್ನೂ ನಿಖರವಾದದ್ದು. ಒಡಿಶಾದ ದಂಡಯಾತ್ರೆಯಿಂದ ಅರಸನು ಮರಳಿದಾಗ ಕಟ್ಟಿಸಿದ ವಿಜಯಭವನವೆಂದು ಆತನು ಕರೆದಿರುವುದು ಈ ದಿಬ್ಬವನ್ನೇ ಎಂದು ವಿದ್ವಾಂಸರು ಒಪ್ಪಿರುವರು. ಅವನ ಬರಹವನ್ನು 1900ರಲ್ಲಿ ರಾಬರ್ಟ್ ಸಿವೆಲನು ಇಂಗ್ಲಿಷಿಗೆ ತಂದಮೇಲೆ ವಿಜಯನಗರದ ಬಗೆಗೆ ಬರೆದವರೆಲ್ಲ ಅದನ್ನು ಬಳಸಿಕೊಂಡಿದ್ದಾರೆ. ಆದರೆ ಮುತ್ತು ಮಾಣಿಕ್ಯಗಳ ವೈಭವಕ್ಕೆ ಮರುಳಾದ ನಾವು ಅದರಲ್ಲಿರುವ ಬಡಗಿಯ ಕೆಲಸವನ್ನು ಗಮನಿಸಲಿಲ್ಲ.

ಬಯಲಿನ ಬಲಗಡೆಗೆ, ಪ್ರಾಕಾರದ ಗೋಡೆಯ ಮೇಲಿನಿಂದ ಹೊರಗಿನವರಿಗೂ ಕಾಣುವಷ್ಟು ಎತ್ತರವಾಗಿ, ಕಿರಿದಾದ ಮರದ ಅಟ್ಟಣಿಗೆಗಳು ನಿಂತಿದ್ದುವಂತೆ. ಅವುಗಳಿಗೆ ತುದಿಯಿಂದ ಬುಡದವರೆಗೆ ಕೆಂಪು ಹಸುರು ಬಣ್ಣದ ಬೆಲೆಯುಳ್ಳ ಬಟ್ಟೆಗಳನ್ನು ಹೊದಿಸಿದ್ದರಂತೆ. ಈ ಅಟ್ಟಣಿಗೆಗಳು ಸದಾಕಾಲ ಅಲ್ಲಿರತಕ್ಕವುಗಳಲ್ಲ, ಈ ಉತ್ಸವಕ್ಕಾಗಿಯೇ ಕಟ್ಟಿದವುಗಳು ಎಂದು ಪಾಯೆಸನು ಸ್ಪಷ್ಟವಾಗಿ ಹೇಳಿ, ಅವುಗಳ ಸಂಖ್ಯೆಯನ್ನೂ ಕೊಟ್ಟಿದ್ದಾನೆ: ಹನ್ನೊಂದು. ದಿಬ್ಬದ ಕೆಳಗಣ ಸುತ್ತುಜಗಲಿಗೆ ಒಳ್ಳೆಯ ಚಪ್ಪಡಿಗಳನ್ನು ಹಾಸಿದ್ದಿತೆಂದೂ, ಜನರಲ್ಲಿ ಕೆಲವರು ಅಲ್ಲಿ ನಿಂತು ಉತ್ಸವವನ್ನು ನೋಡುತ್ತಿದ್ದರೆಂದೂ ತಿಳಿಸುತ್ತಾನೆ. ಬಾಗಿಲಿನ ಸಂಗತಿಯನ್ನೂ ಬಿಟ್ಟಿಲ್ಲ: ಬೆತ್ತ ಮತ್ತು ಚರ್ಮದ ಚಾವಟಿಗಳನ್ನು ಹಿಡಿದ ದ್ವಾರಪಾಲಕರು ನಾಯಕರನ್ನೂ ಗಣ್ಯರನ್ನೂ ಅಪ್ಪಣೆ ಪಡೆದವರನ್ನೂ ಹೊರತು ಬೇರಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಂಗಣ, ಅದರತ್ತ ತೆರೆದ ಎತ್ತರದ ಆಸನ, ಸುತ್ತಣ ಅಂತಸ್ತುಗಳು, ಕಾವಲಿರುವ ದ್ವಾರ: ಕ್ರೀಡಾಂಗಣವೊಂದರ ಅವಯವಗಳೆಲ್ಲ ಇಲ್ಲಿವೆ.

ಬಯಲಿನಲ್ಲಿ ನಡೆಯುತ್ತಿದ್ದುದೇನು? ಆನೆ ಕುದುರೆಗಳ ಮೆರವಣಿಗೆ, ನರ್ತನ, ಮಲ್ಲಯುದ್ಧ. ಆ ಕುಸ್ತಿ ತನ್ನ ದೇಶದ ಕುಸ್ತಿಯಂಥದಲ್ಲವೆಂದು ಪಾಯೆಸನಿಗೆ ತೋರಿತು. ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖವನ್ನು ವಿರೂಪಗೊಳಿಸುವ ಏಟುಗಳಿದ್ದುವೆಂದೂ, ಮಾತು ನಿಂತ ಮಲ್ಲರನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಿದ್ದರೆಂದೂ ಬರೆದಿದ್ದಾನೆ. ಅದೇ ಉಸುರಿನಲ್ಲಿ, ಇಬ್ಬರನ್ನೂ ಸಮಬಲರಾಗಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಿರ್ಣಯಿಸುವುದಕ್ಕೂ ಮುಖಂಡರು, ತೀರ್ಪುಗಾರರು ಇದ್ದರೆಂಬುದನ್ನೂ ಸೇರಿಸುತ್ತಾನೆ. ಇಂದಿಗೂ ಈ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯ ಜೋಡಿ ಹಚ್ಚುವ ಹಿರಿಯರು ಮಾಡುವ ಕೆಲಸ ಇದೇ ಅಲ್ಲವೆ? ಪಾಯೆಸನ ನಂತರ ಬಂದ ಪೋರ್ಚುಗೀಸನಾದ ನ್ಯೂನಿಜನು ಅರಸನ ಬಳಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಹೇಳಿರುವುದನ್ನು ನಮ್ಮ ಕ್ರೀಡಾ ಚರಿತ್ರಕಾರರು ಮರೆಯತಕ್ಕದ್ದಲ್ಲ. ಸೂರ್ಯಾಸ್ತವಾದೊಡನೆ ಬಯಲಿನ ಸುತ್ತಲೂ, ಗೋಡೆಗಳ ನೆತ್ತಿಯ ಮೇಲೂ ಪಂಜುಗಳನ್ನು ಸಾಲುಗೊಳಿಸಿ ಇರುಳನ್ನು ಹಗಲಾಗಿಸುತ್ತಿದ್ದರು. ಆ ಪಂಜಿನ ಸಂಪ್ರದಾಯವು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದ ನವರಾತ್ರಿಯೊಡನೆ ದಕ್ಷಿಣಕ್ಕೆ ಹೋಗಿ, ಮೈಸೂರಿನ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ರೂಪಾಂತರಗೊಂಡು ನಿಂತಿದೆಯೆಂದು ಭಾವಿಸುವುದಕ್ಕೆ ಅಡ್ಡಿಯಿಲ್ಲ.

ಜನ ಬರುತ್ತಿದ್ದ ದಾರಿಯನ್ನೂ ಪಾಯೆಸನೇ ತಿಳಿಸಿದ್ದಾನೆ. ಆನೆಗೊಂದಿಗೂ ರಾಜಧಾನಿಗೂ ನಡುವೆ ಹೊಳೆಯನ್ನು ದಾಟಿಸುತ್ತಿದ್ದುದು ಬುಟ್ಟಿಯಂತೆ ದುಂಡಗಿದ್ದ ಹರಿಗೋಲು. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊತ್ತು, ಹುಟ್ಟು ಹಾಕಿದಂತೆಲ್ಲ ಗಿರ್ರನೆ ತಿರುಗುತ್ತ, ಅದು ಆಚೆಯ ದಡವನ್ನು ಸೇರುತ್ತಿದ್ದಿತು. ಈಗಿನ ಗಂಗಾವತಿ ಕುಷ್ಟಗಿಗಳ ಕಡೆಯಿಂದ ಮಹಾನವಮಿಗೆ ಹೊರಟವರು ಈ ಹರಿಗೋಲನ್ನೇ ನಂಬಬೇಕಾಗಿತ್ತು.

ಮರದ ಮಂಚದ ಈ ಪದ್ಧತಿ ವಿಜಯನಗರದ ಸೃಷ್ಟಿಯಲ್ಲ. ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯನು ರಾಜಕುಮಾರರ ಅಸ್ತ್ರಪರೀಕ್ಷೆಗಾಗಿ ಮರಗಿಡಗಳಿಲ್ಲದ ಸಮನೆಲವನ್ನು ಆರಿಸಿ ಅಳತೆ ಹಾಕಿಸುತ್ತಾನೆ. ಅರಸನಿಗೂ ರಾಣಿವಾಸಕ್ಕೂ ಶಿಲ್ಪಿಗಳು ಪ್ರೇಕ್ಷಾಗಾರವನ್ನು ನಿರ್ಮಿಸುತ್ತಾರೆ. ಜಾನಪದರು ತಮ್ಮ ಪಾಡಿಗೆ ತಾವು ವಿಶಾಲವಾದ ಎತ್ತರದ ಮಂಚಗಳನ್ನು ಕಟ್ಟಿಸಿಕೊಳ್ಳುತ್ತಾರೆ. ಅರಸನದು ಅರಸನ ಖರ್ಚು, ಜನರದು ಜನರ ಖರ್ಚು. ಈ ಸೀಮೆಗೆ ಇನ್ನೂ ಸಮೀಪದ ಸಾಕ್ಷ್ಯವೆಂದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1131ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸ. ಆತನ ತಂದೆ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯವು ಯಲಬುರ್ಗಾ ಸೀಮೆಯಲ್ಲಿದೆ. ಎರಂಬರಗೆಯೆಂದು ಶಾಸನಗಳು ಕರೆಯುವ ಯಲಬುರ್ಗೆಯೇ ಆ ಚಕ್ರವರ್ತಿಗಳ ಮಾಂಡಲಿಕರಾದ ಸಿಂದರ ರಾಜಧಾನಿಯಾಗಿದ್ದಿತು. ಮಾನಸೋಲ್ಲಾಸದ ವಿನೋದ ಪ್ರಕರಣದಲ್ಲಿ ಆನೆಯ ಓಟಕ್ಕೂ ಕುದುರೆ ಚೆಂಡಾಟಕ್ಕೂ ಬೇಕಾದ ವಾಹ್ಯಾಳಿಯೆಂಬ ಬಯಲನ್ನು ಸಮಮಾಡುವ ಬಗೆಯನ್ನೂ, ಅರಸನು ಕುಳಿತು ನೋಡುವ ಆಲೋಕಮಂದಿರವನ್ನೂ ವರ್ಣಿಸಲಾಗಿದೆ. ಮಲ್ಲವಿನೋದದಲ್ಲಿ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿ, ಅವರ ಆಹಾರ ಸಾಧನೆಗಳನ್ನು ವಿವರಿಸಿ, ಅಕ್ಷವಾಟವೆಂಬ ಕಣದ ರಚನೆಯನ್ನು ಹೇಳಲಾಗಿದೆ. ಹೀಗೆ ಆಟದ ನೆಲವನ್ನು ಕುರಿತು ಶಾಸ್ತ್ರವಾಗಿ ಬರೆದಿಟ್ಟ ಚಕ್ರವರ್ತಿಯ ಆಳ್ವಿಕೆಯಲ್ಲಿ ನಮ್ಮ ಈ ಊರುಗಳಿದ್ದುವೆಂಬುದು ಹೆಮ್ಮೆಯ ಸಂಗತಿಯೇ ಸರಿ.

ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕುಮಾರರಾಮನ ಕಥೆಯಲ್ಲಿಯೂ ಆಟದ ಬಯಲೊಂದು ಬರುತ್ತದೆ. ನಂಜುಂಡಕವಿಯ ಸಾಂಗತ್ಯವೂ ಜನಪದರ ಹಾಡುಗಳೂ ಹೇಳುವಂತೆ, ರಾಮನ ಚೆಂಡು ಆಟದ ಭರದಲ್ಲಿ ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದದ್ದೇ ಅನರ್ಥಪರಂಪರೆಗೆ ಮೊದಲಾಯಿತು. 1327ರಲ್ಲಿ ತುಘಲಕ್ ಸೈನ್ಯಕ್ಕೆ ಅವನ ತಂದೆಯ ಕಂಪಿಲಿ ರಾಜ್ಯ ತುತ್ತಾಯಿತೆಂಬ ಚರಿತ್ರೆಗೆ ಚೆಂಡಿನ ಈ ಕಥೆ ಎಷ್ಟರಮಟ್ಟಿಗೆ ಹೊಂದುವುದೆಂಬ ವಿಚಾರ ಹಾಗಿರಲಿ. ಅರಮನೆಯ ಮಗ್ಗುಲಲ್ಲಿಯೇ ಬೇಲಿಯಿಲ್ಲದ ಆಟದ ಬಯಲನ್ನು ಕವಿಯೂ ಕೇಳುಗರೂ ಸಹಜವೆಂದೇ ಭಾವಿಸಿದರು.

ಕಲ್ಲು ಇಟ್ಟಿಗೆಗಳಿಂದ ಸೋಪಾನಪಂಕ್ತಿಯನ್ನು ಕಟ್ಟುವುದು ಭಾರತೀಯರಿಗೆ ತಿಳಿಯದೆ ಇದ್ದುದರಿಂದ ಮರವನ್ನು ಹಿಡಿದರೋ ಎಂದು ಕೇಳುವವರಿಗೆ ನಾಗಾರ್ಜುನಕೊಂಡವೇ ಉತ್ತರ. ತುಂಗಭದ್ರೆಯು ಸೇರುವ ಕೃಷ್ಣೆಯ ಕೆಳದಂಡೆಯಲ್ಲಿ, ಮೂರನೆಯ ಶತಮಾನದ ಇಕ್ಷ್ವಾಕು ಅರಸರ ರಾಜಧಾನಿಯಲ್ಲಿ, ನಡುವೆ ಚೌಕದ ಅಂಗಣವೂ ನಾಲ್ಕು ಕಡೆಗೆ ಮೆಟ್ಟಿಲ ಸಾಲುಗಳೂ ಉಳ್ಳ ಪ್ರೇಕ್ಷಾಂಗಣವೊಂದು 1954ರಿಂದ 1960ರವರೆಗೆ ನಡೆದ ಉತ್ಖನನದಲ್ಲಿ ಹೊರಬಂದಿತು. ನಾಗಾರ್ಜುನಸಾಗರದ ನೀರಿನಲ್ಲಿ ಆ ಕಣಿವೆ ಮುಳುಗುವುದಕ್ಕೆ ಮುನ್ನ ಅದನ್ನು ಅನುಪು ಎಂಬಲ್ಲಿ ಪುನಃ ಕಟ್ಟಿ ನಿಲ್ಲಿಸಿದ್ದಾರೆ. ತಿಳಿವಳಿಕೆಯಿತ್ತು. ಆದರೂ ಮರವನ್ನು ಆರಿಸಿಕೊಂಡರೆಂದರೆ ಅದಕ್ಕೆ ಕಾರಣವಿರಬೇಕು, ಮತ್ತು ಆ ಕಾರಣ ನಮ್ಮ ಋತುಚಕ್ರದಲ್ಲಿ, ನಮ್ಮ ಮಣ್ಣಿನಲ್ಲಿ ಇದೆಯೆಂದು ನನಗೆ ತೋರುತ್ತದೆ. ಮಹಾನವಮಿಯು ಮಳೆ ಹಿಂದೆಗೆಯುವ ಆಶ್ವಯುಜದಲ್ಲಿ, ಜಾತ್ರೆಗಳು ಬಹುಮಟ್ಟಿಗೆ ಸುಗ್ಗಿಯ ಸುತ್ತಮುತ್ತಲಿನ ತಿಂಗಳುಗಳಲ್ಲಿ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಆಸನಕ್ಕೆ ವರ್ಷವಿಡೀ ನೆಲವನ್ನು ಬಿಟ್ಟುಕೊಡಲು ಒಕ್ಕಲಿಗನು ಒಪ್ಪಲಾರ. ಯಲಬುರ್ಗಾದ ಎರೆಭೂಮಿಯಂತೂ ಮಳೆಗೆ ಉಬ್ಬಿ ಬೇಸಗೆಗೆ ಕೈ ತೂರುವಷ್ಟು ಬಿರಿಯುವಂಥದು. ಅದರ ಮೇಲೆ ಭಾರದ ಕಟ್ಟಡವನ್ನು ನಿಲ್ಲಿಸುವುದು ದೇವಾಲಯಕ್ಕಾದರೆ ಸರಿ, ಜಾತ್ರೆಯ ನೋಟಕರಿಗಾಗಿ ಯಾರು ಅಷ್ಟು ಆಳದ ಅಡಿಪಾಯವನ್ನು ತೆಗೆದಾರು?

ಮರಕ್ಕೆ ಅದರದೇ ಆದ ಅಪಾಯವೂ ಉಂಟು. ಕ್ರಿ.ಶ. 27ರಲ್ಲಿ ರೋಮಿನ ಸಮೀಪದ ಫಿದೇನೆಯಲ್ಲಿ ಲಾಭದಾಸೆಯಿಂದ ಅವಸರವಾಗಿ ಕಟ್ಟಿದ ಮರದ ರಂಗಸ್ಥಲ ಕುಸಿದು, ಚರಿತ್ರಕಾರ ಟ್ಯಾಸಿಟಸನ ಲೆಕ್ಕದಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ 50,000 ಜನ. ಆ ಶತಮಾನದಲ್ಲಿಯೇ, 80ರಲ್ಲಿ, ಚಕ್ರವರ್ತಿ ಟೈಟಸನು ಉದ್ಘಾಟಿಸಿದ ಕೊಲೊಸಿಯಮ್ಮು ಕಲ್ಲು ಕಾಂಕ್ರೀಟುಗಳಲ್ಲಿ ಎದ್ದಿತು. 188 ಮೀಟರ್ ಉದ್ದ, 156 ಮೀಟರ್ ಅಗಲದ ಆ ದೀರ್ಘವೃತ್ತಕ್ಕೆ ನೆಲಮಟ್ಟದಲ್ಲಿ 80 ಬಾಗಿಲುಗಳು, ಅವುಗಳಲ್ಲಿ 76ಕ್ಕೆ ಅಂಕೆ ಕೆತ್ತಿದ ಕಮಾನುಗಳು. ಹದಿನೆಂಟು ಶತಮಾನಗಳಿಗೂ ಹೆಚ್ಚು ಕಾಲದ ತರುವಾಯ, 1902ರಲ್ಲಿ, ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ ಮರದ ಅಟ್ಟಣಿಗೆ ಮುರಿದು 25 ಮಂದಿ ಪ್ರಾಣ ಬಿಟ್ಟಮೇಲೆ ಬ್ರಿಟನ್ನಿನವರೂ ಮಣ್ಣಿನ ಏರಿಗೆ, ಕಾಂಕ್ರೀಟಿಗೆ ತಿರುಗಿದರು.

1565ರ ರಕ್ಕಸತಂಗಡಿಯ ಯುದ್ಧದಿಂದ ರಾಜಧಾನಿ ಹಾಳಾದಾಗ ದಿಬ್ಬದ ಎದುರಿನ ಬಯಲು ಬರಿದಾಯಿತು. ಆದರೆ ಬಯಲಿನ ಕಲೆ ಹಳ್ಳಿಗಳಲ್ಲಿ ಉಳಿದುಕೊಂಡಿತು. ಕುಷ್ಟಗಿ, ಯಲಬುರ್ಗಾ ಕಡೆಯ ಯಾವುದಾದರೊಂದು ಜಾತ್ರೆಯ ಜಂಗೀ ಕುಸ್ತಿಯನ್ನು ಕಟ್ಟಡದ ದೃಷ್ಟಿಯಿಂದ ನೋಡಬೇಕು. ಎರೆಮಣ್ಣು ಮೈಗೆ ಅಂಟುವುದರಿಂದ ಅದನ್ನು ಬಿಟ್ಟು ಕೆಮ್ಮಣ್ಣನ್ನು ತರಿಸಿ, ಜರಡಿ ಹಿಡಿದು, ಹರಳು ತೆಗೆದು, ಎಣ್ಣೆ ಮಜ್ಜಿಗೆ ಅರಿಶಿನಗಳನ್ನು ಬೆರೆಸಿ, ಗುದ್ದಲಿಯಿಂದ ಮಗುಚಿ ಮಗುಚಿ ಮಟ್ಟಿಯನ್ನು ಹದಗೊಳಿಸುತ್ತಾರೆ. ಪೂಜೆಯಾಗದ ಹೊರತು ಪೈಲ್ವಾನನು ಅದನ್ನು ತುಳಿಯುವುದಿಲ್ಲ. ಕಣ ಸಿದ್ಧವಾದ ಮೇಲೆ ಅದರ ಸುತ್ತ ಜನ ತಾವೇ ಕಟ್ಟಡವಾಗುತ್ತಾರೆ. ಮುಂದಿನ ಸಾಲಿನ ಹುಡುಗರು ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಅವರ ಹಿಂದಿನವರು ತುದಿಗಾಲಲ್ಲಿ ಕುಕ್ಕರಿಸುತ್ತಾರೆ. ಅವರ ಬೆನ್ನಿಗೆ ಮೊಣಕಾಲೂರಿದವರು, ಮತ್ತೂ ಹಿಂದೆ ನಿಂತವರು. ಅವರಾಚೆಗೆ ಕೊಳ್ಳಹರಿದ ಚಕ್ಕಡಿಗಳ ಮೇಲೆ, ಈಚೀಚೆಗೆ ಟ್ರ್ಯಾಕ್ಟರಿನ ಟ್ರೇಲಿಗಳ ಮೇಲೆ ನಿಂತವರು. ಎಲ್ಲಕ್ಕೂ ಹಿಂದೆ ಮಾಳಿಗೆಯ ಅಂಚಿನಲ್ಲಿ ಹೆಂಗಸರು, ಬೇವಿನ ಮರದ ಕವಲುಗಳಲ್ಲಿ ಹುಡುಗರು. ಹಲಗೆಯ ಸದ್ದು ಏರಿದಾಗ ನಡುಸಾಲಿನವನೊಬ್ಬನು ಎದ್ದನೋ, ಹಿಂದಿನಿಂದ ಹತ್ತು ಬಾಯಿಗಳು ಅವನನ್ನು ಕೂರಿಸುತ್ತವೆ. ಮುಂದಿನವನ ತಲೆಯ ಮೇಲಿನಿಂದ ಹಿಂದಿನವನ ನೋಟ ಕಣದ ಅಂಚಿಗೆ ಮುಟ್ಟಬೇಕೆಂಬ ಒಂದೇ ನಿಯಮದಿಂದ ಈ ಏರು ತಾನಾಗಿ ಹುಟ್ಟಿದುದು. ಇಂದಿನ ಕ್ರೀಡಾಂಗಣದ ವಾಸ್ತುಶಿಲ್ಪಿಯು ಲೆಕ್ಕ ಹಾಕುವುದೂ ಇದನ್ನೇ: ಪ್ರತಿಯೊಬ್ಬ ಪ್ರೇಕ್ಷಕನ ನೋಟದ ರೇಖೆ ಮುಂದಿನವನ ಕಣ್ಣಮಟ್ಟಕ್ಕಿಂತ ಸುಮಾರು 9ರಿಂದ 12 ಸೆಂಟಿಮೀಟರ್ ಮೇಲೆ ಹಾಯಬೇಕೆಂದು ಅವನ ಸೂತ್ರ, ಅದರಿಂದಲೇ ಮೇಲಮೇಲಿನ ಸಾಲುಗಳು ಕಡಿದಾಗುತ್ತ ಹೋಗುತ್ತವೆ.

ಕೊಪ್ಪಳದಲ್ಲಿ ಈ ಏರನ್ನು ಪ್ರಕೃತಿಯೇ ಕಟ್ಟಿಕೊಟ್ಟಿದೆ. ಗವಿಮಠದ ಗುಡ್ಡದ ಇಳಿಜಾರಿನ ಬಂಡೆಗಳ ಮೇಲೆ ಕುಳಿತವನಿಗೆ ಕೆಳಗಿನ ಬಯಲಿನಲ್ಲಿ ಸಾಗುವ ಗವಿಸಿದ್ಧೇಶ್ವರನ ತೇರು ಯಾವ ತಲೆಯ ಅಡ್ಡಿಯೂ ಇಲ್ಲದೆ ಕಾಣುವುದು. ಪುಷ್ಯಮಾಸದ ಆ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗ್ರೀಕರು ಒಲಿಂಪಿಯದಲ್ಲಿ ಸುಮಾರು 192 ಮೀಟರ್ ಉದ್ದದ ಓಟದ ಕಣವನ್ನು ಮಾಡಿ, ಅದರ ಪಕ್ಕದ ಹಸುರು ದಿಣ್ಣೆಗಳ ಮೇಲೆ ಜನರನ್ನು ಕೂಡಿಸಿದುದು ಇದೇ ವಿವೇಕದಿಂದ.

ನಮ್ಮ ಸೀಮೆಯ ಈ ಆಟದ ಬಯಲುಗಳು ಕರಗತೊಡಗಿದ್ದು ಯಾವಾಗ? 1953ರಲ್ಲಿ ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಹರಿದಮೇಲೆ ಗಂಗಾವತಿಯು ಭತ್ತದ ಕಣಜವೆನಿಸಿತು. ಅನ್ನವನ್ನು ಕೊಟ್ಟ ಆ ನೀರಿಗೆ ಈ ಸೀಮೆ ಋಣಿಯಾಗಿದೆ. ಆದರೆ ಎರಡು ಬೆಳೆಯ ಗದ್ದೆ ಎಂದೂ ಬರಿದಾಗದು; ಜೋಳ ಕೊಯ್ದಮೇಲೆ ಊರಿನ ಆಟಕ್ಕೆ ಒದಗುತ್ತಿದ್ದ ಹೊಲ, ಕಾಲುವೆಯ ಕೆಳಗೆ, ಆಟಕ್ಕೆ ಒದಗದಾಯಿತು. ಆಟಕ್ಕೆಂದೇ ಮೀಸಲಾದ ಸರ್ಕಾರಿ ಮೈದಾನ ಆಗ ಅವಶ್ಯವಾಯಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಈ ನಾಲ್ಕು ತಾಲ್ಲೂಕುಗಳು ಕೊಪ್ಪಳ ಜಿಲ್ಲೆಯಾದವು. ಜಿಲ್ಲೆಗೊಂದು ಕ್ರೀಡಾಂಗಣವೂ ಆಯಿತು. ಅದೇ ವರ್ಷ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣವು ಸಿದ್ಧವಾಗಿದ್ದಿತು. ಅದಕ್ಕೂ ಮೊದಲೇ, 1974ರ ನವೆಂಬರಿನಲ್ಲಿ, ಇಂದು ಚಿನ್ನಸ್ವಾಮಿಯವರ ಹೆಸರಿರುವ ಅಲ್ಲಿಯ ಕ್ರಿಕೆಟ್ ಮೈದಾನದಲ್ಲಿ ವೆಸ್ಟ್ ಇಂಡೀಸ್ ತಂಡದೊಡನೆ ಮೊದಲ ಟೆಸ್ಟ್ ಪಂದ್ಯ ನಡೆದಿದ್ದಿತು.

ಜಿಲ್ಲಾ ತಾಲ್ಲೂಕು ಕ್ರೀಡಾಂಗಣಗಳ ವಿನ್ಯಾಸವನ್ನು ಪರಾಮರ್ಶಿಸಿದರೆ, ಒಂದು ಮಗ್ಗುಲಿಗೆ ಮಾಡು ಹೊದಿಸಿದ ಗ್ಯಾಲರಿ, ಅದರೆದುರು ಓಟದ ಪಥವೂ ಬಯಲೂ, ಉಳಿದ ಮಗ್ಗುಲುಗಳು ಬಹುಪಾಲು ತೆರವು. ಸ್ವಾತಂತ್ರ್ಯ ದಿನದಂದೂ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂದೂ ಧ್ವಜವಂದನೆ, ಕವಾಯತು ನಡೆಯುವಾಗ ಗಣ್ಯರು ಗ್ಯಾಲರಿಯ ನೆರಳಿನಲ್ಲಿಯೂ ಶಾಲೆಯ ಮಕ್ಕಳು ಬಿಸಿಲಿನಲ್ಲಿಯೂ ಇರುವುದನ್ನು ಕಾಣುವಾಗ, ದಿಬ್ಬದ ಮೇಲಿನವರಿಗೆ ಕಲ್ಲನ್ನೂ ಉಳಿದವರಿಗೆ ಬಯಲನ್ನೂ ಹಂಚಿದ ಹಳೆಯ ವ್ಯವಸ್ಥೆ ಹೋಗಿಲ್ಲವೆಂದು ನನಗೆ ನೋವಾಗುವುದುಂಟು. ವಿಜಯನಗರದವರು ಹನ್ನೊಂದು ಅಟ್ಟಣಿಗೆಗಳನ್ನಾದರೂ ಕಟ್ಟುತ್ತಿದ್ದರು.

ನೋಟಕ್ಕಿಂತಲೂ ಹಿರಿದಾದ ಪ್ರಶ್ನೆ ಬಾಗಿಲಿನದು. 2025ರ ಜೂನ್ 4ರಂದು ಬೆಂಗಳೂರಿನ ಕ್ರಿಕೆಟ್ ಕ್ರೀಡಾಂಗಣದ ಹೊರಗೆ, ವಿಜಯೋತ್ಸವಕ್ಕೆಂದು ಬಂದ ಜನಸಾಗರದ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದುವು. ಸತ್ತವರಲ್ಲಿ ಎಳೆಯರೇ ಹೆಚ್ಚು. ಒಳಗಿನ ಅಂಗಣ ಎಷ್ಟೇ ವಿಶಾಲವಾಗಿದ್ದರೂ ದ್ವಾರದ ಹೊರಗೆ ಜನ ನಿಲ್ಲಲು, ಸರಿಯಲು, ಹಿಂದಿರುಗಲು ಎಡೆಯಿಲ್ಲದಿದ್ದರೆ ಆ ಕಟ್ಟಡ ಅಪೂರ್ಣವೆಂದೇ ತಿಳಿಯಬೇಕು. ಹಳ್ಳಿಯ ಕುಸ್ತಿಕಣಕ್ಕೆ ಬಾಗಿಲೇ ಇಲ್ಲ. ಚಕ್ಕಡಿಗಳ ನಡುವಣ ಸಂದುಗಳೆಲ್ಲ ದಾರಿಗಳೇ. ಗವಿಮಠದ ಗುಡ್ಡದಿಂದಲೂ ಜನ ನಾಲ್ಕೂ ದಿಕ್ಕಿಗೆ ಇಳಿದುಹೋಗಬಲ್ಲರು.

ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮೈದಾನಗಳಿಗೆ ಕೋಟಿಗಟ್ಟಲೆ ಹಣದ ಕಾಂಕ್ರೀಟು ಬರುವವರೆಗೆ ಕಾಯಬೇಕಾದುದಿಲ್ಲ. ಓಟದ ಪಥವನ್ನು ಉತ್ತರ ದಕ್ಷಿಣವಾಗಿ ಹಾಕಿ, ಮಳೆನೀರಿನ ಕಾಲುವೆ ತೋಡಿದ ಮಣ್ಣನ್ನೇ ಪಶ್ಚಿಮಕ್ಕೂ ಪೂರ್ವಕ್ಕೂ ಏರಿಯಾಗಿ ಒಟ್ಟಿ, ಅದಕ್ಕೆ ಕುಷ್ಟಗಿ ಸೀಮೆಯ ಕಣಶಿಲೆಯ ಮೆಟ್ಟಿಲನ್ನು ಕೂರಿಸಿ, ನೆತ್ತಿಯ ಸಾಲಿಗೆ ಬೇವನ್ನು ನೆಟ್ಟರೆ, ಸಂಜೆಯ ಹೊತ್ತಿಗೆ ಪಶ್ಚಿಮದ ಏರಿಯವರಿಗೆ ನೆರಳೂ ದೊರೆಯುವುದು, ಸೂರ್ಯನು ಬೆನ್ನಿಗೂ ಇರುವನು. ಏರಿಯನ್ನು ಉದ್ದಕ್ಕೆ ಅಖಂಡವಾಗಿ ಒಟ್ಟದೆ ನಡುನಡುವೆ ಚಕ್ಕಡಿ ಹಾಯುವಷ್ಟು ಅಗಲದ ಸಂದುಗಳನ್ನು ಬಿಡಬೇಕು. ಅವುಗಳಿಗೆ ಗೇಟು ಹಾಕಬಾರದು.